ಖಾಲಿ ಗೋಣಿಚೀಲದ ತೂಕ: ಕಾಫಿ ಬೆಳೆಗಾರ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ಬೆಳೆಗಾರರು. ಅವರಲ್ಲೂ ಭಾನುವಾರದ ಬಲಿಪೂಜೆಯಲ್ಲಿ ನನ್ನ ಪಕ್ಕ ಮಂಡಿಯೂರುವ ಕ್ರೈಸ್ತ ಬಂಧುಗಳು.

ಮಾನ್ಯರೇ,

ನಿಮ್ಮಲ್ಲಿ ಅನೇಕರಿಗೆ ನನ್ನ ಮುಖಪರಿಚಯ ಇದೆ. ಮೂಡಿಗೆರೆ ತಾಲ್ಲೂಕಿನ ಎರಡು ತೋಟಗಳಲ್ಲಿ ಒಟ್ಟು ಮೂವತ್ತನಾಲ್ಕು ವರ್ಷ ರೈಟರಾಗಿ, ಅಂದರೆ ಲೆಕ್ಕ ಬರೆಯುವ ಗುಮಾಸ್ತನಾಗಿ ಇದ್ದೆ. ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆದಿದ್ದೇನೆ, ಕೂಲಿ ಬಟವಾಡೆ ಮಾಡಿದ್ದೇನೆ, ಸಂಜೆ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ತೂಕದ ಪುಸ್ತಕ ಹಿಡಿದು ನಿಂತಿದ್ದೇನೆ. ಹಾಗಾಗಿ ಈ ಪತ್ರದಲ್ಲಿ ಕೇಳಿದ್ದು ಕಡಿಮೆ, ಕಂಡದ್ದು ಹೆಚ್ಚು. ನಾನೇ ಮಾಡಿದ್ದೂ ಇದೆ. ಹೊರರಾಜ್ಯದಿಂದ ಬಂದು ನಿಮ್ಮ ತೋಟಗಳಲ್ಲಿ ಕೊಯ್ಯುವ ಆಳುಗಳನ್ನು ನಾವು ನಡೆಸಿಕೊಳ್ಳುವ ರೀತಿಯ ಬಗ್ಗೆ ಈ ಪತ್ರ. ನಿಮ್ಮ ಮನೆಗಳಿಗೇ ಬಂದು ಹೇಳಬಹುದಿತ್ತು. ಎರಡು ಕಡೆ ಹೋಗಿ ಹೇಳಿಯೂ ನೋಡಿದೆ. ಕೂರಿಸಿ ಕಾಫಿ ಕೊಟ್ಟರು, ಮೊಮ್ಮಕ್ಕಳ ಸುದ್ದಿ ವಿಚಾರಿಸಿದರು, ‘ಈಗ ತೋಟ ಮಾಡೋದು ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಾ’ ಅಂದರು. ಹೇಳಬೇಕಾಗಿಲ್ಲ, ನನಗೆ ಗೊತ್ತು. ಎದ್ದು ಬಂದೆ. ಅದಕ್ಕೇ ಈಗ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಎರಡೂ ಜಿಲ್ಲೆ ಸೇರಿಸಿ ಬರೆಯಲು ಕಾರಣವಿದೆ. 1963ರಲ್ಲಿ ಎರಡೂ ಜಿಲ್ಲೆಗಳ ಕಥೋಲಿಕ ಸಭೆಗೆ ಒಂದೇ ಆಡಳಿತವಾಗಿ ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ ಆದಾಗಿನಿಂದ ಹಾಸನದವರೂ ನಾವೂ ಒಂದೇ ಮನೆಯವರು. ಸಕಲೇಶಪುರದ ತೋಟಕ್ಕೂ ಬಾಳೆಹೊನ್ನೂರಿನ ತೋಟಕ್ಕೂ ಆಳು ಇಳಿಸುವುದು ಈಗ ಅದೇ ಮೇಸ್ತ್ರಿಗಳು.

ಕಳೆದ ಡಿಸೆಂಬರ್ 25ರ ಬೆಳಿಗ್ಗೆಯ ಒಂದು ಸಂಗತಿಯಿಂದ ಶುರುಮಾಡುತ್ತೇನೆ. ರಾತ್ರಿ ಪೂಜೆ ಮುಗಿಸಿ ಬಂದು ಮಲಗಿದ್ದವನು ಆರೂವರೆಗೆ ಎದ್ದು ಹಾಲು ತರಲು ರಸ್ತೆಗೆ ಇಳಿದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸಿಲ್ವರ್ ಓಕ್ ಮರಗಳ ಬುಡ ಕಾಣುತ್ತಿತ್ತು, ತುದಿ ಕಾಣುತ್ತಿರಲಿಲ್ಲ. ಹಿಂದಿನಿಂದ ಒಂದು ಪಿಕಪ್ ಬಂತು. ಕುರಿ ತುಂಬಿದ ಹಾಗೆ ಮೂವತ್ತು ಜನ ಒತ್ತಿಕೊಂಡು ನಿಂತಿದ್ದರು. ತಲೆಗೆ ಮಫ್ಲರ್, ಸೊಂಟಕ್ಕೆ ಸುತ್ತಿದ ಪ್ಲಾಸ್ಟಿಕ್ ಚೀಲ, ಕೈಯಲ್ಲಿ ಬುತ್ತಿ ಡಬ್ಬಿ. ತಿರುವಿನಲ್ಲಿ ಗಾಡಿ ನಿಧಾನವಾದಾಗ ಒಳಗಿನಿಂದ ಹಾಡು ಕೇಳಿಸಿತು. ಮಾತು ಒಂದೂ ಅರ್ಥವಾಗಲಿಲ್ಲ, ರಾಗ ಅರ್ಥವಾಯಿತು. ಆರು ಗಂಟೆ ಹಿಂದೆ ನಮ್ಮ ಗಾಯನ ತಂಡ ಕೀಬೋರ್ಡ್ ಇಟ್ಟುಕೊಂಡು ಕನ್ನಡದಲ್ಲಿ ಹಾಡಿದ ರಾಗವೇ ಅದು. ನನ್ನ ಕೊರಳಲ್ಲಿದ್ದ ಜಪಸರ ಕಂಡು ಒಬ್ಬಳು ಹುಡುಗಿ ಕೈಯೆತ್ತಿ ಏನೋ ಕೂಗಿದಳು. ಹಬ್ಬದ ಶುಭಾಶಯವೇ ಇರಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಮಂಜಿನೊಳಗೆ ಹೋಗಿಬಿಟ್ಟಿತು.

ಅದು ಯಾರ ತೋಟಕ್ಕೆ ಹೋದ ಗಾಡಿ ಅಂತ ನನಗೆ ಗೊತ್ತು. ಹೆಸರು ಬರೆಯುವುದಿಲ್ಲ. ಹಬ್ಬದ ದಿನ ರಜೆ ಕೊಡಿ ಅಂತ ಅವರು ಹದಿನೈದು ದಿನ ಮುಂಚೆಯೇ ಕೇಳಿದ್ದರಂತೆ, ಮೇಸ್ತ್ರಿ ‘ಸಂಕ್ರಾಂತಿಗೆ ನೋಡೋಣ’ ಅಂದನಂತೆ. ಈ ಉತ್ತರ ನೆನೆದು ನನಗೆ ನಗುವೂ ಬಂತು, ಸಂಕಟವೂ ಆಯಿತು.

ನಿಮ್ಮ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಅರೇಬಿಕಾ ಹಣ್ಣಾದ ಮೇಲೆ ಗಿಡದ ಮೇಲೆ ಕಾಯುವುದಿಲ್ಲ. ಡಿಸೆಂಬರಿನಲ್ಲಿ ಒಂದು ಅಕಾಲ ಮಳೆ ಬಿದ್ದರೆ ಹಣ್ಣು ಒಡೆದು ನೆಲ ಸೇರುತ್ತದೆ, ಕಣದಲ್ಲಿ ಹರಡಿದ್ದು ಮುಗ್ಗುತ್ತದೆ. ಊರಿನ ಆಳು ಸಿಗುವುದಿಲ್ಲ, ಊರಿನ ಹುಡುಗರೆಲ್ಲ ಬೆಂಗಳೂರಿನಲ್ಲಿದ್ದಾರೆ. ಕಾಂಡಕೊರಕ, ಆನೆ, ಬ್ಯಾಂಕಿನ ನೋಟಿಸು ಎಲ್ಲವೂ ನಿಜ. 2001-02ರ ಸುಮಾರಿಗೆ ದರ ನೆಲಕಚ್ಚಿದಾಗ ನನ್ನ ಯಜಮಾನರು ಹೆಂಡತಿಯ ಬಳೆ ಅಡವಿಟ್ಟು ಬಟವಾಡೆ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಆ ಶನಿವಾರ ಅವರು ತಲೆ ಎತ್ತಿ ಮಾತಾಡಲಿಲ್ಲ. ಅಂಥವರ ಕೈಕೆಳಗೆ ಕೆಲಸ ಮಾಡಿದೆನೆಂಬ ಹೆಮ್ಮೆ ನನಗೆ ಈಗಲೂ ಇದೆ.

ಆದರೆ ಕಾಲ ತಿರುಗಿತು. ಬ್ರೆಜಿಲ್‌ನಲ್ಲೂ ವಿಯೆಟ್ನಾಮಿನಲ್ಲೂ ಬರ ಬಂದು ಪ್ರಪಂಚಕ್ಕೆಲ್ಲ ಕಾಫಿ ಸಾಲದಾದಾಗ ನಮ್ಮ ಚೀಲಕ್ಕೆ ಬೆಲೆ ಬಂತು. 2025ರ ಆರಂಭದಲ್ಲಿ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಅರೇಬಿಕಾ ಪಾರ್ಚ್‌ಮೆಂಟಿನ 50 ಕೆ.ಜಿ. ಚೀಲ 25,000 ರೂಪಾಯಿ ದಾಟಿತು. ಹೊಸ ಕಾರು ಬಂದವು, ಹೋಂಸ್ಟೇಗಳಿಗೆ ಇನ್ನೊಂದು ಮಹಡಿ ಬಂತು, ನಮ್ಮ ದೇವಾಲಯದ ನೆಲಕ್ಕೆ ಗ್ರಾನೈಟ್ ಬಂತು. ಸಂತೋಷವೇ. ಆ ಗ್ರಾನೈಟಿನ ಮೇಲೆ ನಾನೂ ಮಂಡಿಯೂರುತ್ತೇನೆ, ಚಳಿಗಾಲದಲ್ಲಿ ಸ್ವಲ್ಪ ತಣ್ಣಗಿರುತ್ತದೆ ಅಷ್ಟೆ. ನನ್ನ ತಕರಾರು ಗ್ರಾನೈಟಿನದಲ್ಲ, ಗೋಣಿಚೀಲದ್ದು.

ಗೋಣಿಚೀಲದ ಕತೆ ನಿಮಗೆಲ್ಲ ಗೊತ್ತಿದ್ದದ್ದೇ. ಆದರೂ ಬರೆಯುತ್ತೇನೆ, ಯಾಕೆಂದರೆ ಈ ಕತೆಯಲ್ಲಿ ಪೆನ್ನು ನನ್ನ ಕೈಯಲ್ಲಿತ್ತು. ಸಂಜೆ ನಾಲ್ಕೂವರೆಗೆ ಹಣ್ಣಿನ ಚೀಲಗಳು ಕಣಕ್ಕೆ ಬರುತ್ತವೆ. ಒಂದೊಂದನ್ನೇ ತೂಕಕ್ಕೆ ಇಡುತ್ತಾರೆ. ಕೆ.ಜಿ. ಲೆಕ್ಕದಲ್ಲಿ ಕೂಲಿ. ಚೀಲದ ತೂಕ ಕಳೆಯಬೇಕು, ಸರಿ. ಒಣಗಿದ ಖಾಲಿ ಗೋಣಿಚೀಲ ಹೆಚ್ಚೆಂದರೆ ಒಂದು ಕೆ.ಜಿ. ಆಸುಪಾಸು. ನಾನು ಕಳೆಯುತ್ತಿದ್ದದ್ದು ಎರಡು. ಕೆಲಸಕ್ಕೆ ಸೇರಿದ ಮೊದಲ ವಾರವೇ ಹಿರಿಯ ರೈಟರು ‘ಎರಡು ಹೊಡಿ’ ಅಂದರು, ಹೊಡೆದೆ. ಯಾಕೆ ಎರಡು ಅಂತ ಕೇಳಲಿಲ್ಲ. ಆಮೇಲೆ ಕಬ್ಬಿಣದ ತಕ್ಕಡಿ ಹೋಗಿ ಡಿಜಿಟಲ್ ತೂಕದ ಯಂತ್ರ ಬಂತು, ಐವತ್ತು ಗ್ರಾಂ ಕೂಡ ತೋರಿಸುತ್ತದೆ. ಗೋಣಿಚೀಲದ ಬದಲು ತೆಳ್ಳಗಿನ ಪ್ಲಾಸ್ಟಿಕ್ ಚೀಲ ಬಂತು, ಅದು ಇನ್ನೂರು ಗ್ರಾಂ ಕೂಡ ತೂಗುವುದಿಲ್ಲ. ಕಳೆಯುವ ಎರಡು ಮಾತ್ರ ಹಾಗೇ ಉಳಿಯಿತು. ಕೆಲವು ಕಡೆ ಎಲೆ, ಕಡ್ಡಿ, ನೀರು ಅಂತ ಹೇಳಿ ಮೂರಾಗಿದೆ.

ನಿವೃತ್ತಿಯಾದ ಮೇಲೆ ಒಂದು ಮಳೆಗಾಲದ ಮಧ್ಯಾಹ್ನ, ಮಾಡಲು ಬೇರೆ ಕೆಲಸವಿಲ್ಲದೆ, ಆ ಲೆಕ್ಕ ಹಾಕಿ ನೋಡಿದೆ. ಒಬ್ಬೊಬ್ಬರು ದಿನಕ್ಕೆ ಎರಡು ಚೀಲ ಕುಯ್ದರೆ ಒಬ್ಬೊಬ್ಬರಿಂದ ಎರಡು ಕೆ.ಜಿ. ಹೆಚ್ಚುವರಿ ಕಡಿತ. ನಲವತ್ತು ಜನರ ಗುಂಪಿಗೆ ಎಂಬತ್ತು ಕೆ.ಜಿ. ಅದು ಹೆಚ್ಚುಕಡಿಮೆ ಒಬ್ಬ ಹೆಣ್ಣಾಳು ಬೆಳಗಿನಿಂದ ಸಂಜೆಯವರೆಗೆ ಕುಯ್ಯುವಷ್ಟು ಹಣ್ಣು. ಅಂದರೆ ನಲವತ್ತು ಜನ ತೋಟಕ್ಕಿಳಿದರೆ ದಿನವೂ ಅವರಲ್ಲಿ ಒಬ್ಬಳು ಪುಕ್ಕಟೆ ದುಡಿದ ಹಾಗೆ. ಕೊಯ್ಲು ಎಪ್ಪತ್ತೈದು ದಿನ ನಡೆದರೆ ಎಪ್ಪತ್ತೈದು ಜನರ ಒಂದು ದಿನದ ಕೂಲಿ. ಇದು ನಿಮ್ಮಲ್ಲಿ ಯಾರ ತೋಟವನ್ನೂ ಉಳಿಸುವ ದುಡ್ಡಲ್ಲ, ಹೆಚ್ಚೆಂದರೆ ಆ ಹೊಸ ಕಾರಿನ ಟೈರುಗಳಿಗೆ ಆದೀತು. ಕೊಯ್ಯುವವಳಿಗೆ ಮಾತ್ರ ಅದು ಮನೆಗೆ ಕಳಿಸುವ ದುಡ್ಡು. ಪಾಪನಿವೇದನೆಯಲ್ಲಿ ನಾನು ಇದನ್ನು ಮೊದಲ ಸಲ ಹೇಳಿದ್ದು ಅರವತ್ತೆರಡನೇ ವಯಸ್ಸಿನಲ್ಲಿ. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಮನೆಗೆ ಹೋಗಿ ಬೈಬಲಿನ ಯಾಜಕಕಾಂಡದ ಹತ್ತೊಂಬತ್ತನೇ ಅಧ್ಯಾಯ ಓದಿ’ ಅಂದರು. ಪ್ರಾಯಶ್ಚಿತ್ತಕ್ಕೆ ಮೂರು ಜಪಮಾಲೆ ಕೊಡುತ್ತಾರೆ ಅಂದುಕೊಂಡಿದ್ದವನಿಗೆ ಸ್ವಲ್ಪ ನಿರಾಸೆಯೇ ಆಯಿತು.

ಓದಿದೆ. ನೀವೂ ಓದಬೇಕೆಂದು ಕೇಳಿಕೊಳ್ಳುತ್ತೇನೆ, ಎರಡು ಪುಟವೂ ಇಲ್ಲ. ಕೊಯ್ಲು ಮಾಡುವಾಗ ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲು, ಅಂದರೆ ಕೊಯ್ಲಿನಲ್ಲಿ ಉದುರಿ ಉಳಿದದ್ದನ್ನು ಆರಿಸಬೇಡ, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡು ಅನ್ನುತ್ತದೆ 9 ಮತ್ತು 10ನೇ ವಚನ. ಕೂಲಿಯವನ ಕೂಲಿಯನ್ನು ಬೆಳಗಾಗುವವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅನ್ನುತ್ತದೆ 13. 33 ಮತ್ತು 34ರಲ್ಲಿ, ನಿಮ್ಮ ನಾಡಿನಲ್ಲಿ ಬಂದು ಇರುವ ಪರದೇಶಿಯನ್ನು ಸ್ವದೇಶದವನಂತೆಯೇ ಕಾಣಬೇಕು, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂದಿದೆ. ಈ ಮಾತನ್ನು ನಾವೆಲ್ಲ ಪ್ರವಚನದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಪ್ರವಚನ ಅಲ್ಲಿಗೆ ನಿಲ್ಲುತ್ತದೆ, ವಾಕ್ಯ ನಿಲ್ಲುವುದಿಲ್ಲ. ಅದರ ಬೆನ್ನಿಗೇ 35 ಮತ್ತು 36ರಲ್ಲಿ ಬರುವುದು ತಕ್ಕಡಿ: ಅಳತೆಯಲ್ಲಿ, ತೂಕದಲ್ಲಿ ಮೋಸ ಮಾಡಬಾರದು, ನಿಮ್ಮ ತಕ್ಕಡಿ ನ್ಯಾಯವಾಗಿರಲಿ, ತೂಕದ ಕಲ್ಲು ನ್ಯಾಯವಾಗಿರಲಿ. ಪರದೇಶಿಯ ಮಾತು ಮುಗಿದ ಕೂಡಲೇ ತಕ್ಕಡಿಯ ಮಾತು ಯಾಕೆ ಬಂತು ಅಂತ ಬೈಬಲ್ ಪಂಡಿತರು ಏನು ಹೇಳುತ್ತಾರೋ ತಿಳಿಯದು. ಮೂವತ್ತನಾಲ್ಕು ವರ್ಷ ಕಣದಲ್ಲಿ ನಿಂತ ರೈಟರಿಗೆ ಯಾರೂ ವಿವರಿಸಬೇಕಾಗಿಲ್ಲ. ಊರಿನವನ ಚೀಲದಿಂದ ಮೂರು ಕೆ.ಜಿ. ಹೊಡೆದರೆ ಅವನು ಜಗಳಕ್ಕೆ ಬರುತ್ತಾನೆ. ತೂಕ ತಪ್ಪುವುದು ಭಾಷೆ ಬಾರದವನಿಗೇ.

ಈ ಪರದೇಶಿಗಳು ಯಾರು? ನಾವು ಅವರನ್ನು ‘ಅಸ್ಸಾಮಿಗಳು’, ‘ಬೆಂಗಾಲಿಗಳು’, ‘ಹಿಂದಿಯವರು’ ಅಂತ ಕರೆಯುತ್ತೇವೆ. ಜಾರ್ಖಂಡಿನ ರಾಂಚಿ, ಗುಮ್ಲಾ ಕಡೆಯವರು ಇದ್ದಾರೆ, ಒಡಿಶಾದವರು ಇದ್ದಾರೆ. ಅಸ್ಸಾಮಿನಿಂದ ಬಂದವರಲ್ಲಿ ಕೆಲವರ ಮೂಲವೂ ಜಾರ್ಖಂಡಿನ ಆ ಛೋಟಾನಾಗಪುರ ಪ್ರಸ್ಥಭೂಮಿಯೇ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರ ಚಹಾ ತೋಟಕ್ಕೆಂದು ಅವರ ಮುತ್ತಜ್ಜಂದಿರನ್ನು ಅಸ್ಸಾಮಿಗೆ ಸಾಗಿಸಿದರು. ಚಹಾ ಗಿಡದ ಮಧ್ಯೆ ನಾಲ್ಕೈದು ತಲೆಮಾರು ಕಳೆದು ಈಗ ಕಾಫಿ ಗಿಡಕ್ಕೆ ಬಂದಿದ್ದಾರೆ. ಅವರ ಮನೆತನದ ಹೆಸರು ಎಕ್ಕಾ, ತಿರ್ಕಿ, ಮಿಂಜ್, ಲಕ್ಡಾ, ಟೊಪ್ಪೊ. ನನ್ನ ಚೆಕ್‌ರೋಲಿನಲ್ಲಿ ಅವು ಬರೆಯಲು ಬಾರದೆ ಎಕ್ಕಾ ಅನ್ನುವವನು ಏಕಪ್ಪ ಆದ, ಟೊಪ್ಪೊ ತೋಪಯ್ಯ ಆದ. ಬಟವಾಡೆ ದಿನ ‘ತೋಪಯ್ಯ’ ಅಂತ ಕೂಗಿದರೆ ಯಾರೂ ಬರುತ್ತಿರಲಿಲ್ಲ, ನಾನು ರೇಗುತ್ತಿದ್ದೆ. ಎಷ್ಟೋ ವರ್ಷ ಆದಮೇಲೆ ಪತ್ರಿಕೆಯಲ್ಲಿ ರಾಂಚಿಯ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಟೆಲೆಸ್ಫೋರ್ ಟೊಪ್ಪೊ ತೀರಿಕೊಂಡ ಸುದ್ದಿ ಓದಿದೆ. 2003ರಲ್ಲಿ ಕಾರ್ಡಿನಲ್ ಆದ ಆದಿವಾಸಿ ಅವರು. ನಮ್ಮ ತೋಪಯ್ಯನ ಹೆಸರಿನವರು ರೋಮಿನಲ್ಲಿ ಪೋಪರನ್ನು ಆರಿಸಲು ಕೂತಿದ್ದರು!

ಅವರ ಊರಿನ ಕಡೆಯ ಒಬ್ಬ ಕಿರಿಯ ಗುರು ನನಗೆ ಇನ್ನೊಂದು ವಿಷಯ ಹೇಳಿದರು. ಬೆಲ್ಜಿಯಂನ ಯೇಸುಸಭೆಯ (ಜೆಸ್ವಿಟ್) ಗುರು ಕಾನ್‌ಸ್ಟಂಟ್ ಲೀವೆನ್ಸ್ 1885ರಲ್ಲಿ ಛೋಟಾನಾಗಪುರಕ್ಕೆ ಬಂದಾಗ ಅಲ್ಲಿ ಜಮೀನ್ದಾರರು ಮುಂಡಾ, ಉರಾಂವ್ ಜನರಿಂದ ಬಿಟ್ಟಿ ದುಡಿಸುತ್ತಿದ್ದರು, ಗೇಣಿಯ ಹೆಸರಿನಲ್ಲಿ ನೆಲ ಕಿತ್ತುಕೊಳ್ಳುತ್ತಿದ್ದರು. ಆತ ಕಾನೂನು ಓದಿಕೊಂಡು ಅವರ ದಾವೆಗಳಿಗೆ ಬೆನ್ನಾಗಿ ನಿಂತರು. ಹಳ್ಳಿಗೆ ಹಳ್ಳಿಯೇ ಕ್ರಿಸ್ತನನ್ನು ನಂಬಿದ್ದು ಆಮೇಲೆ. ಹಾಗೆ ನಂಬಿದವರ ಮೊಮ್ಮಕ್ಕಳು ಇಂದು ನಮ್ಮ ದೇವಾಲಯದ ಹಿಂದಿನ ಬಾಗಿಲ ಹತ್ತಿರ ನಿಲ್ಲುತ್ತಾರೆ. ನಮ್ಮನ್ನು ಯಾವ ಜಾತಿಯ ಕ್ರೈಸ್ತರು ಅಂತ ತಿಳಿದುಕೊಂಡು ಹೋಗುತ್ತಾರೋ ಏನೋ.

ನಮ್ಮದೇನು ಹೆಚ್ಚುಗಾರಿಕೆ? ನನ್ನಜ್ಜ ಚಾರ್ಮಾಡಿ ಘಾಟಿ ಹತ್ತಿದ್ದು ಬರಿಗಾಲಲ್ಲಿ. ತಲೆ ಮೇಲೆ ಒಂದು ಗಂಟು, ಗಂಟಿನಲ್ಲಿ ಕುಚ್ಚಲಕ್ಕಿ ಮತ್ತು ಒಣಮೀನು. ಕೊಟ್ಟಿಗೆಹಾರದ ಮಳೆಗೆ ಹೆದರಿ ಎರಡು ಸಲ ಓಡಿಹೋಗಿ ಮೂರನೇ ಸಲ ಉಳಿದ. ಮನೆಯಲ್ಲಿ ಕೊಂಕಣಿ, ಆಳುಗಳ ಮನೆಸಾಲಾದ ಲೈನಿನಲ್ಲಿ ತುಳು, ಯಜಮಾನರ ಎದುರು ಮಾತ್ರ ಹರಕುಮುರುಕು ಕನ್ನಡ. ನಮ್ಮನ್ನು ಆಗ ‘ಘಟ್ಟದ ಕೆಳಗಿನವರು’ ಅನ್ನುತ್ತಿದ್ದರು, ಆ ಮಾತಿನಲ್ಲಿ ಗೌರವವೇನೂ ಇರಲಿಲ್ಲ. ನಿಮ್ಮಲ್ಲೂ ಎಷ್ಟೋ ಮನೆತನಗಳು ಹತ್ತಿ ಬಂದದ್ದು ಅದೇ ಘಾಟಿಯನ್ನು, ನಿಮ್ಮ ಅಜ್ಜಂದಿರ ಗಂಟು ನಮ್ಮಜ್ಜನದಕ್ಕಿಂತ ಸ್ವಲ್ಪ ದೊಡ್ಡದಿತ್ತು ಅಷ್ಟೆ. ಕೊಯ್ಲು ಮುಗಿದ ಮೇಲೆ ನನ್ನಮ್ಮ ತೋಟಕ್ಕೆ ಹೋಗಿ ಹಕ್ಕಲು ಕಾಫಿ ಆರಿಸುತ್ತಿದ್ದಳು. ಬಾವಲಿ ಚೀಪಿ ಉಗಿದದ್ದು, ತರಗೆಲೆಯ ಕೆಳಗೆ ಸೇರಿಕೊಂಡದ್ದು. ಯಾರೂ ಬೇಡ ಅನ್ನುತ್ತಿರಲಿಲ್ಲ. ಮಡಿಲು ತುಂಬ ತಂದು, ಒಣಗಿಸಿ, ಒನಕೆಯಲ್ಲಿ ಕುಟ್ಟಿ, ಕಬ್ಬಿಣದ ಬಾಣಲೆಯಲ್ಲಿ ಹುರಿದರೆ ನಮ್ಮ ಮನೆಗೆ ವರ್ಷದ ಕಾಫಿ. ಮೊನ್ನೆ ಜನವರಿಯಲ್ಲಿ ಒಂದು ತೋಟದಲ್ಲಿ ಹತ್ತು ವರ್ಷದ ಒಬ್ಬ ಹುಡುಗನ ಚಡ್ಡಿ ಜೇಬಿನಲ್ಲಿ ಉದುರು ಹಣ್ಣು ಸಿಕ್ಕಿತು ಅಂತ ಅವನ ಅಪ್ಪನ ಕೂಲಿಯಲ್ಲಿ ಐನೂರು ರೂಪಾಯಿ ಹಿಡಿದರು. ಕಾಫಿ ಕಳ್ಳತನ ಹೆಚ್ಚಾಗಿದೆ, ಒಪ್ಪುತ್ತೇನೆ. ರಾತ್ರಿ ಗಾಡಿ ತಂದು ಕಣದಿಂದ ಚೀಲ ಹೊತ್ತೊಯ್ಯುವವರೂ ಚಡ್ಡಿ ಜೇಬಿನವನೂ ಒಂದೇ ಆದರೆ ನನ್ನಮ್ಮ ಕಳ್ಳಿಯಾಗುತ್ತಾಳೆ.

ಕಾಗದಪತ್ರದ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಹೊರಗಿನಿಂದ ಬಂದವರೆಲ್ಲ ಬಾಂಗ್ಲಾದವರು ಅನ್ನುವ ಮಾತು ಈಗ ನಮ್ಮ ಸಂತೆಗಳಲ್ಲಿ ಓಡಾಡುತ್ತಿದೆ. ಪೊಲೀಸರು ದಾಖಲೆ ಪರಿಶೀಲಿಸಲಿ, ಅದು ಅವರ ಕೆಲಸ. ಆದರೆ ಅನೇಕ ತೋಟಗಳಲ್ಲಿ ಆಳುಗಳ ಆಧಾರ್ ಕಾರ್ಡು ಅವರ ಹತ್ತಿರ ಇಲ್ಲ. ಆಫೀಸಿನ ಬೀರುವಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿರುತ್ತಾರೆ. ಕೇಳಿದರೆ ‘ಕಳೆದುಕೊಳ್ಳಬಾರದು ಅಂತ’ ಅನ್ನುತ್ತಾರೆ. ನಿಜವಾದ ಕಾರಣ ಮುಂಗಡ. ದುಡ್ಡು ತಗೊಂಡವರು ಕೊಯ್ಲಿನ ಮಧ್ಯೆ ಪಕ್ಕದ ತೋಟಕ್ಕೆ ಹಾರಬಾರದಲ್ಲ. ನಮ್ಮ ಸಂತೆಯಲ್ಲಿ ಒಂದು ಸಂಜೆ ನಾಲ್ಕೈದು ಹುಡುಗರು ಮೊಬೈಲ್ ಹಿಡಿದು ಇಬ್ಬರು ಕೂಲಿಯವರನ್ನು ತರಕಾರಿ ಗಾಡಿಯ ಪಕ್ಕ ನಿಲ್ಲಿಸಿಕೊಂಡಿದ್ದರು. ‘ಯಾವ ದೇಶ? ಕನ್ನಡ ಬರುತ್ತಾ? ಕಾರ್ಡ್ ತೋರಿಸು.’ ಮೊದಲನೆಯವನು ಜೇಬಿನಿಂದ ನಾಲ್ಕು ಮಡಿಕೆಯ ಒಂದು ಜೆರಾಕ್ಸ್ ತೆಗೆದ. ಮುಖ ಇರಬೇಕಾದ ಜಾಗದಲ್ಲಿ ಬರೀ ಕಪ್ಪು ಕಲೆ. ಹುಡುಗರು ನಕ್ಕರು. ಅವನನ್ನು ನಾನು ಪೂಜೆಯಲ್ಲಿ ನೋಡಿದ್ದೆ. ಮುಂದೆ ಹೋಗಿ ‘ಬಿಡ್ರಪ್ಪ, ಇವನು ನಮ್ಮ ಚರ್ಚಿನವನು’ ಅಂದೆ. ವಯಸ್ಸಾದವನು ಅಂತ ಮರ್ಯಾದೆ ಕೊಟ್ಟು ಬಿಟ್ಟರು.

ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ. ಅವನ ಹಿಂದೆ ಇನ್ನೊಬ್ಬನಿದ್ದ. ಅವನು ನಮ್ಮ ಚರ್ಚಿನವನಲ್ಲ, ಹೆಸರು ಕೇಳಿದ ಮೇಲೆ ಹುಡುಗರ ದನಿ ಇನ್ನೂ ಗಡಸಾಯಿತು. ನನ್ನ ಬಾಯಿಂದ ಆ ಎರಡನೆಯವನಿಗಾಗಿ ಒಂದು ಮಾತೂ ಹೊರಡಲಿಲ್ಲ. ನಮ್ಮವನನ್ನು ಕರೆದುಕೊಂಡು ಬಂದುಬಿಟ್ಟೆ. ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಅವನೇ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದ. ಇಬ್ಬರೂ ಒಂದೇ ಲೈನಿನಲ್ಲಿ ಪಕ್ಕಪಕ್ಕದ ಕೋಣೆಯವರಂತೆ. ಯಾಜಕಕಾಂಡ ‘ಪರದೇಶಿ’ ಅನ್ನುತ್ತದೆ, ‘ನಿನ್ನ ಧರ್ಮಕೇಂದ್ರದ ಪರದೇಶಿ’ ಅನ್ನುವುದಿಲ್ಲ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪೌರತ್ವದ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿ ಇರಲಿಲ್ಲ. ಅಂಥ ನಾಡಿನಿಂದ ಬಂದವರಿಗೆ ಕಾಗದ ಅಂದರೆ ಏನು ಅಂತ ನಾವು ಊಹಿಸಿಕೊಳ್ಳಬೇಕು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಅವರ ಕೈಕಾಲು ಕಟ್ಟಿಹಾಕಿದ ಹಾಗೆ. ದಯವಿಟ್ಟು ಆ ಕಾರ್ಡುಗಳನ್ನು ಈ ವಾರವೇ ವಾಪಸ್ ಕೊಡಿ. ನಿಮಗೆ ಪ್ರತಿ ಬೇಕಾದರೆ ಮುಖ ಕಾಣುವ ಹಾಗೆ ಜೆರಾಕ್ಸ್ ಮಾಡಿಸಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ, ಆದರೆ ಜೀವದ ವಿಷಯ. ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆ ಎಲ್ಲಿದೆ ಅನ್ನುವ ಎಚ್ಚರಿಕೆ ಮೊಬೈಲಿಗೆ ಬರುತ್ತದೆ, ಅರಣ್ಯ ಇಲಾಖೆಯವರು ಆ ಕೆಲಸ ಚೆನ್ನಾಗಿ ಮಾಡುತ್ತಿದ್ದಾರೆ. ಮಂಜಿನಲ್ಲಿ ಮೊದಲು ತೋಟಕ್ಕಿಳಿಯುವವಳ ಮೊಬೈಲಿಗೆ ಅದು ಬಂದರೂ ಕನ್ನಡ ಓದಲು ಅವಳಿಗೆ ಬರುವುದಿಲ್ಲ. ರೈಟರು ಅದನ್ನೇ ಹಿಂದಿಯಲ್ಲಿ ಒಂದು ಧ್ವನಿ ಸಂದೇಶವಾಗಿ ಹೇಳಿ ಗುಂಪಿಗೆ ಹಾಕಿದರೆ ಅರ್ಧ ನಿಮಿಷದ ಕೆಲಸ. ಇದಕ್ಕೆ ಸರ್ಕಾರವನ್ನು ಕಾಯಬೇಕೇ?

ಕೂಸುಗಳ ಮಾತೂ ಇದೆ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಮನೆ, ಕುಡಿಯುವ ನೀರು, ಶೌಚಾಲಯ ಕೊಡಬೇಕು, ಐವತ್ತು ಹೆಂಗಸರು ದುಡಿಯುವಲ್ಲಿ ಶಿಶುವಿಹಾರ ಇರಬೇಕು ಅಂದಿತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಕಾನೂನಿನ ಹೆಸರು ಬದಲಾಯಿತು, ಸೀರೆ ಜೋಲಿಯಲ್ಲಿ ಮಲಗಿದ ಮಗು ಬದಲಾಗಲಿಲ್ಲ. ನಿಮ್ಮಲ್ಲಿ ಬಹಳ ಜನ ಸಣ್ಣ ಹಿಡುವಳಿದಾರರು, ಶಿಶುವಿಹಾರ ಇಡಲೇಬೇಕಾದಷ್ಟು ಆಳು ನಿಮ್ಮಲ್ಲಿಲ್ಲ, ಕಾನೂನು ನಿಮ್ಮನ್ನು ಹಿಡಿಯುವುದಿಲ್ಲ. ಆದರೆ ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಲೈನಿನ ಒಂದು ಕೋಣೆ ಬಿಡಿಸಿ, ಕುಯ್ಯಲಾಗದ ಒಬ್ಬ ವಯಸ್ಸಾದ ಹೆಂಗಸಿಗೆ ಕೂಲಿ ಕೊಟ್ಟು ಮಕ್ಕಳನ್ನು ನೋಡಿಕೊಳ್ಳಲು ಕೂರಿಸಲು ಕಾನೂನು ಬೇಕಿಲ್ಲ. ಬಣಕಲ್ ಕಡೆ ಒಬ್ಬರು ಹೀಗೆ ಮಾಡಿದ್ದಾರೆ. ಅವರು ಕ್ರೈಸ್ತರಲ್ಲ. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ.

ನಮ್ಮ ಗುರುಗಳಿಗೂ ಪಾಲನಾ ಸಮಿತಿಗೂ ಒಂದು ಮಾತು, ಬೆಳೆಗಾರರಿಗಷ್ಟೇ ಹೇಳಿ ನಾವು ತಪ್ಪಿಸಿಕೊಳ್ಳಬಾರದು. ಕೊಯ್ಲಿನ ನಾಲ್ಕು ತಿಂಗಳು ತಿಂಗಳಿಗೊಂದು ಪೂಜೆ ಹಿಂದಿಯಲ್ಲಾದರೂ ಇಡಿ, ಸಂಜೆ ಆರಕ್ಕೆ. ‘ಕನ್ನಡ ಪೂಜೆಗೇ ಜನ ಇಲ್ಲ’ ಅಂತ ಸಮಿತಿಯಲ್ಲಿ ಒಬ್ಬರು ಅಂದರು. ಕನ್ನಡ ಪೂಜೆಗೆ ಜನ ಕಡಿಮೆಯಾದದ್ದು ನಮ್ಮ ಮಕ್ಕಳಿಂದ, ಅವರಿಂದಲ್ಲ. ನಾನು ಕನ್ನಡದಲ್ಲೇ ಪ್ರಾರ್ಥಿಸುತ್ತೇನೆ, ಕನ್ನಡದಲ್ಲೇ ಸಾಯುತ್ತೇನೆ. ಅವರು ಹೊಲಿದುಕೊಂಡ ತುಟಿಯಲ್ಲಿ ಒಂದು ಗಂಟೆ ನಿಂತು ಹೋಗುವುದರಿಂದ ಕನ್ನಡಕ್ಕೆ ಏನೂ ಲಾಭವಿಲ್ಲ. ಅವರಿಗೆ ನಾಲ್ಕು ಕನ್ನಡ ಹಾಡು ಕಲಿಸಿ, ಅವರ ಒಂದು ಹಾಡು ನಮಗೆ ಬರಲಿ.

2025ರ ಮೇ 8ರಂದು ಹೊಸ ಪೋಪರು ಆಯ್ಕೆಯಾಗಿ ಲಿಯೋ ಎಂಬ ಹೆಸರು ಇಟ್ಟುಕೊಂಡಾಗ ನಾವು ಪಟಾಕಿ ಹೊಡೆದೆವು. ಆ ಹೆಸರು ಯಾಕೆ ಅಂತ ಅವರೇ ಹೇಳಿದರು: 1891ರಲ್ಲಿ ಹದಿಮೂರನೇ ಲಿಯೋ ಕಾರ್ಮಿಕರ ಬಗ್ಗೆ ಬರೆದ ವಿಶ್ವಪತ್ರದ ನೆನಪಿಗೆ. ಕೂಲಿಯವನ ಕೂಲಿಯನ್ನು ತಪ್ಪಿಸುವುದು ಸ್ವರ್ಗಕ್ಕೆ ಮೊರೆಯಿಡುವ ಮಹಾಪಾಪ ಅಂತ ಆ ಪತ್ರದಲ್ಲಿ ಬೈಬಲಿನ ಯಕೋಬನ ಪತ್ರದ ಐದನೇ ಅಧ್ಯಾಯವನ್ನು ಎತ್ತಿ ಹೇಳಿದ್ದಾರೆ. ಹೊಲ ಕೊಯ್ದವರ ಕೂಗು ದೇವರ ಕಿವಿಗೆ ಮುಟ್ಟಿದೆ ಅನ್ನುವ ಮಾತು ಅಲ್ಲಿದೆ. ಪೋಪರ ಭಾವಚಿತ್ರ ನಮ್ಮ ಪಡಸಾಲೆಗಳಲ್ಲಿ ಬಂದು ಒಂದು ವರ್ಷವಾಗುತ್ತಾ ಬಂತು.

ಬೈಬಲಿನ ರೂತಳ ಕತೆ ನಿಮಗೆ ಗೊತ್ತು. ಮೋವಾಬಿನಿಂದ ಬಂದ ಹೆಂಗಸು, ಹಕ್ಕಲು ಆರಿಸಲು ಬೋವಜನ ಹೊಲಕ್ಕೆ ಬಂದಳು. ಬೋವಜ ಹೊಲಕ್ಕೆ ಬಂದವನೇ ಮೊದಲು ಮಾಡಿದ್ದು ಕೊಯ್ಯುವವರಿಗೆ ‘ದೇವರು ನಿಮ್ಮೊಡನೆ ಇರಲಿ’ ಅಂದದ್ದು. ಇಂದಿಗೂ ಪೂಜೆಯಲ್ಲಿ ಗುರುಗಳು ನಮಗೆ ಹೇಳುವ ಮಾತು ಅದೇ. ಒಬ್ಬ ಜಮೀನಿನ ಯಜಮಾನ ತನ್ನ ಕೂಲಿಯವರಿಗೆ ಹೇಳಿದ್ದು. ಆಮೇಲೆ ಆಳುಗಳಿಗೆ, ಆ ಹೆಂಗಸನ್ನು ಯಾರೂ ಗದರಬೇಡಿ, ಬೇಕೆಂದೇ ಒಂದಿಷ್ಟು ತೆನೆ ಬೀಳಿಸಿ ಹೋಗಿ ಅಂದ. ಅವನ ಲೆಕ್ಕಪುಸ್ತಕ ಬರೆಯುತ್ತಿದ್ದವನು ಏನಂದುಕೊಂಡನೋ! ಕ್ರಿಸ್ಮಸ್ ಜಾಗರಣೆಯಲ್ಲಿ ಓದುವ ಯೇಸುವಿನ ವಂಶಾವಳಿಯಲ್ಲಿ ಆ ಪರದೇಶಿ ಹೆಂಗಸಿನ ಹೆಸರಿದೆ.

ನಾನು ಕೇಳುವುದು ಇಷ್ಟು. ತೂಕದಲ್ಲಿ ಚೀಲ ಎಷ್ಟಿದೆಯೋ ಅಷ್ಟೇ ಕಳೆಯಿರಿ, ತೂಕದ ಅಂಕಿ ಕುಯ್ದವಳಿಗೂ ಕಾಣುವ ಹಾಗೆ ಯಂತ್ರ ತಿರುಗಿಸಿಡಿ. ಆಧಾರ್ ಕೊಡಿ. ಮುಂದಿನ ಡಿಸೆಂಬರ್ 25ರಂದು ರಜೆ ಕೊಡಿ, ಈದ್‌ನಂದು ಮುಸ್ಲಿಂ ಆಳುಗಳಿಗೂ ಕೊಡಿ. ಮುಂದಿನ ಕೊಯ್ಲಿಗೆ ಚೆಕ್‌ರೋಲಿನಲ್ಲಿ ಅವರ ಹೆಸರನ್ನು ಅವರನ್ನೇ ಕೇಳಿ ಬರೆಸಿ. ನಿಮ್ಮ ರೈಟರಿಗೆ ಬರೆಯಲು ಬಾರದಿದ್ದರೆ ನನ್ನನ್ನು ಕರೆಯಿರಿ, ಸಂಬಳ ಬೇಡ, ಮಧ್ಯಾಹ್ನದ ಊಟ ಸಾಕು. ಕಣ್ಣು ಇನ್ನೂ ಚೆನ್ನಾಗಿದೆ.

ಫೆಬ್ರವರಿ 18ಕ್ಕೆ ವಿಭೂತಿ ಬುಧವಾರ, ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರು. ರೊಬಸ್ಟಾ ಕೊಯ್ಲು ಆಗಿನ್ನೂ ಮುಗಿದಿರುವುದಿಲ್ಲ. ಆ ದಿನ ಹಣೆಗೆ ಬೂದಿ ಹಚ್ಚಿಸಿಕೊಂಡ ಮೇಲೆ ನಾನು ನಮ್ಮ ದೇವಾಲಯದ ಜಗಲಿಯ ಮೇಲೆ ಕೂತಿರುತ್ತೇನೆ. ಪಕ್ಕದ ದಿನಸಿ ಅಂಗಡಿಯವರು ತಮ್ಮ ತೂಕದ ಯಂತ್ರ ಕೊಡಲು ಒಪ್ಪಿದ್ದಾರೆ. ಈ ಪತ್ರದಲ್ಲಿ ಬರೆದ ಲೆಕ್ಕದ ಮೇಲೆ ಅನುಮಾನ ಇದ್ದವರು ಒಂದು ಖಾಲಿ ಗೋಣಿಚೀಲ ತನ್ನಿ. ತೂಗಿ ನೋಡೋಣ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ತೋಟದ ರೈಟರ್
ಮೂಡಿಗೆರೆ ತಾಲ್ಲೂಕು, ಫೆಬ್ರವರಿ 2026